ಹಿಂದಿನ ಬೆಂಚಿನಲ್ಲಿ ಹೆಡ್‌ಮೇಡಂ

ಬೆಂಗಳೂರಿನ ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಶೇಷಾದ್ರಿಪುರಂ ಕಡೆ ತಿರುಗಿ. ದಿವಾನ್ ಶೇಷಾದ್ರಿ ಅಯ್ಯರ್ ಹೆಸರಿನ ಈ ಬಡಾವಣೆಯಲ್ಲಿ ಬೆಳಗಿನ ಹೊತ್ತು ಫುಟ್‌ಪಾತಿನ ತುಂಬ ಸಮವಸ್ತ್ರಗಳೇ. 1930ರಲ್ಲಿ ಪ್ರಾಥಮಿಕ ಶಾಲೆಯಾಗಿ ಶುರುವಾಗಿ ಕಾಲೇಜುಗಳವರೆಗೆ ಬೆಳೆದ ಶಿಕ್ಷಣ ಸಂಸ್ಥೆ ಇಲ್ಲಿದೆ. ಅದನ್ನು ದಾಟಿ ನಡೆಯಿರಿ. ನಾವು ಹೋಗಬೇಕಾದ್ದು ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಗೆ.

ಎರಡನೇ ಪೀರಿಯಡ್. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಬರೆದ ಒಂದು ವೃತ್ತ, ಅದರ ವ್ಯಾಸ ಎಬಿ, ಪರಿಧಿಯ ಮೇಲೆ ಸಿ ಎಂಬ ಚುಕ್ಕಿ. ಗಣಿತದ ಮಿಸ್ ಇನ್ನೂ ಮೌಸ್ ಮುಟ್ಟಿಲ್ಲ.

“ಸಿ ಚುಕ್ಕೀನ ಈ ಕಡೆ ಎಳೆದ್ರೆ ಅಲ್ಲಿರೋ ಕೋನ ಏನಾಗುತ್ತೆ?”

“ಚಿಕ್ಕದಾಗುತ್ತೆ ಮಿಸ್!”

“ಬಾಯಲ್ಲಿ ಬೇಡಪ್ಪ, ನೋಟ್ಸಲ್ಲಿ ಬರಿ. ಎಲ್ಲರೂ ಬರೀರಿ.”

ಬರೆದಾದ ಮೇಲೆಯೇ ಎಳೆಯುತ್ತಾರೆ. ಚುಕ್ಕಿ ಜಾರುತ್ತದೆ, ಎಬಿಸಿ ತ್ರಿಭುಜ ಸೊರಗುತ್ತದೆ, ಮತ್ತೆ ಉಬ್ಬುತ್ತದೆ. ಕೋನದ 90 ಡಿಗ್ರಿ ಮಾತ್ರ ಅಲ್ಲಾಡುವುದಿಲ್ಲ. ತಪ್ಪು ಬರೆದವರೇ ಹೆಚ್ಚು ಬೆರಗಾಗಿ ನೋಡುತ್ತಿದ್ದಾರೆ, ಗಮನಿಸಿ. ಆಗ ಮೂರನೇ ಸಾಲಿನ ಹುಡುಗಿ ಏಳುತ್ತಾಳೆ: “ಮಿಸ್, ಚುಕ್ಕಿ ವೃತ್ತದ ಒಳಗಡೆ ಬಂದ್ರೆ?”

ಇದು ಇವತ್ತಿನ ಪಾಠದಲ್ಲಿಲ್ಲ. ಮಿಸ್ ಮೌಸನ್ನು ಅವಳ ಕೈಗೇ ಕೊಡುತ್ತಾರೆ. ಹೊಸ ಚುಕ್ಕಿ ಒಳಗೆ ಬಂದರೆ 104, ಹೊರಗೆ ಹೋದರೆ 71. “ಗೆರೆ ಮೇಲಿದ್ರೆ ಮಾತ್ರ 90!” ಎಂದು ಯಾರೋ ಕೂಗುತ್ತಾರೆ. ಕೈವಾರ ಹಿಡಿದು ಹಲಗೆಯ ಮೇಲೆ ಇಷ್ಟು ಚಿತ್ರ ಬಿಡಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಯಂತ್ರ ಉಳಿಸಿಕೊಟ್ಟ ಆ ಹೊತ್ತನ್ನು ಮಿಸ್ ಮಕ್ಕಳ ಪ್ರಶ್ನೆಗೆ ಬಿಟ್ಟುಕೊಟ್ಟರು. ಒಳ್ಳೆಯ ಪಾಠ ಅಂದರೆ ನನಗೆ ಇದೇ.

ಈಗ ಹಿಂದೆ ತಿರುಗಿ. ಕೊನೆಯ ಬೆಂಚಿನಲ್ಲಿ ಮಕ್ಕಳ ಪಕ್ಕ ಹೆಡ್‌ಮೇಡಂ ಕೂತಿದ್ದಾರೆ. ಅವರ ಕಣ್ಣು ಗೋಡೆಯ ಮೇಲಿಲ್ಲ, ಮಕ್ಕಳ ಮೇಲಿದೆ.

ಅವರು ಅಲ್ಲಿ ಕೂತಿರುವುದು ಯಾಕೆ ಮುಖ್ಯ? ಶಾಲೆಗೆ ಯಂತ್ರ ಬರುವುದು ಕರ್ನಾಟಕಕ್ಕೆ ಹೊಸದಲ್ಲ. 2001ರ ಹೊತ್ತಿನ ಮಾಹಿತಿ ಸಿಂಧು ಯೋಜನೆಯಲ್ಲಿ ಕಂಪ್ಯೂಟರ್ ಬಂತು, ಕಲಿಸಲು ಹೊರಗಿನ ಬೋಧಕರೂ ಬಂದರು. ಗಣಿತದ ಮೇಷ್ಟ್ರು ಕಂಪ್ಯೂಟರ್ ಕೋಣೆಯ ಹೊರಗೇ ಉಳಿದರು. 2016-17ರಲ್ಲಿ ಶುರುವಾದ ಟಾಲ್ಪ್ ಎಂಬ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮ ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ದೊಡ್ಡ ತಿದ್ದುಪಡಿ ಅದು. ಆದರೆ ತರಬೇತಿ ಮುಗಿಸಿ ಬಂದವರಿಗೆ ಶಾಲೆಯಲ್ಲಿ ಬಿಡುವು, ಲ್ಯಾಬಿನ ಕೀ, ಧೈರ್ಯ ಕೊಡುವವರು ಯಾರು? ಶಾಲೆಗಳ ಕಂಪ್ಯೂಟರಿಗೆ ಧಾರಾಳವಾಗಿ ಹಣ ಸುರಿದ ದೇಶಗಳಲ್ಲೂ ಓದು, ಗಣಿತ, ವಿಜ್ಞಾನದ ಫಲಿತಾಂಶ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಎಂದು ಒಇಸಿಡಿ ಸಂಸ್ಥೆ 2015ರಲ್ಲೇ ವರದಿ ಮಾಡಿತ್ತು. ಪೆಟ್ಟಿಗೆ ಬಂದ ದಿನ ಫೋಟೊ ತೆಗೆಸುವಷ್ಟಕ್ಕೆ ಮುಖ್ಯಶಿಕ್ಷಕರ ಕೆಲಸ ಮುಗಿಯುವುದಿಲ್ಲ.

ಗಂಟೆ ಹೊಡೆಯಿತು. ವರಾಂಡದಲ್ಲಿ ಮಿಸ್ ಮತ್ತು ಹೆಡ್‌ಮೇಡಂ ಹಿಂದೆಯೇ ನಡೆಯಿರಿ.

“ಆ ಹುಡುಗಿಗೆ ಮೌಸ್ ಕೊಟ್ರಲ್ಲ, ತುಂಬ ಚೆನ್ನಾಯ್ತು,” ಹೆಡ್‌ಮೇಡಂ ಹೇಳುತ್ತಿದ್ದಾರೆ. “ಆದ್ರೆ ಕಿಟಕಿ ಸಾಲಿನವರು ಇಡೀ ಪೀರಿಯಡ್ ಬಾಯಿ ಬಿಡಲಿಲ್ಲ.”

“ಬಿಸಿಲಿಗೆ ಅವರಿಗೆ ಗೋಡೆ ಕಾಣ್ತಿರಲಿಲ್ಲ ಮೇಡಂ. ನನಗೆ ಈಗ ಹೊಳೀತಿದೆ.”

“ನಾಳೆ ಕಿಟಕಿಗೆ ಪರದೆ ಹಾಕಿಸ್ತೀನಿ. ಲ್ಯಾಬಿನ ಕೀ ಇನ್ಮೇಲೆ ನನ್ನ ಬೀರುವಿನಲ್ಲಿ ಬೇಡ, ಸ್ಟಾಫ್‌ರೂಮಲ್ಲೇ ಇರಲಿ. ಬುಧವಾರ ನಿಮ್ಮ ಎಂಟನೇ ತರಗತಿ ನಾನು ತಗೋತೀನಿ. ಆ ಹೊತ್ತಲ್ಲಿ ನೀವು ಮುಂದಿನ ಪಾಠ ಒಂದ್ಸಲ ಮಾಡಿ ನೋಡಿಕೊಳ್ಳಿ.”