ಪಲ್ಟನ್ನಿನ ಮೊದಲ ಚಳಿಗಾಲ

ಸೈನ್ಯದ ತರಬೇತಿ ಸೆಂಟರಿನಲ್ಲಿ ಒಂಬತ್ತು ತಿಂಗಳು ಬೈಗುಳ ತಿಂದಿದ್ದೆ. ಆದರೆ ಅಲ್ಲಿ ಬೈಗುಳವನ್ನೂ ಹಂಚಿಕೊಂಡು ತಿನ್ನುತ್ತಿದ್ದೆವು. ಒಬ್ಬ ಹೆಜ್ಜೆ ತಪ್ಪಿದರೆ ಇಡೀ ಪ್ಲಟೂನು ಮೈದಾನದಲ್ಲಿ ಉರುಳಬೇಕು. ರಾತ್ರಿ ಬ್ಯಾರಕ್ಕಿನಲ್ಲಿ ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಉಸ್ತಾದನ ದನಿ ಅಣಕಿಸಿ ನಕ್ಕರೆ ಅರ್ಧ ನೋವು ಅಲ್ಲೇ ಹೋಗುತ್ತಿತ್ತು. ಪ್ರಮಾಣವಚನದ ಕಸಂ ಪರೇಡಿಗೆ ಅಪ್ಪ ಬ್ಯಾಡಗಿ ಹತ್ತಿರದ ನಮ್ಮೂರಿಂದ ಧೋತರ, ಟೊಪ್ಪಿಗೆ ಹಾಕಿಕೊಂಡು ಬಂದಿದ್ದ. ನನ್ನ ತೋಳು ಒತ್ತಿ ನೋಡಿ, ಏನೂ ಅನ್ನಲಿಲ್ಲ. ಪಡಬೇಕಾದ ಕಷ್ಟವೆಲ್ಲ ಮುಗಿಯಿತು ಅಂದುಕೊಂಡೆ.

2008ರ ಅಕ್ಟೋಬರಿನಲ್ಲಿ ರಜೆ ಮುಗಿಸಿ ಹೊರಟೆ. ಹೆಸರು, ನಂಬರು ಬಿಳಿ ಬಣ್ಣದಲ್ಲಿ ಬರೆಸಿದ ಕರಿ ಟ್ರಂಕು, ಬಿಸ್ತರ್‌ಬಂದ್, ಕಿಸೆಯಲ್ಲಿ ಮೂವ್‌ಮೆಂಟ್ ಆರ್ಡರು. ಟ್ರಂಕಿನ ತಳದಲ್ಲಿ ಅವ್ವ ಇಟ್ಟ ಸ್ಟೀಲಿನ ಡಬ್ಬಿ ತುಂಬ ಶೇಂಗಾ ಚಟ್ನಿ. ಚಂಡೀಗಢದ ಟ್ರಾನ್ಸಿಟ್ ಕ್ಯಾಂಪಿನಲ್ಲಿ ನಾಲ್ಕು ದಿನ ಕಾದು, ವಾಯುಸೇನೆಯ ಐಎಲ್-76ರ ಹೊಟ್ಟೆಯೊಳಗೆ ಸಾಮಾನಿನ ಜತೆ ಸಾಮಾನಾಗಿ ಕೂತು ಲೇಹ್‌ನಲ್ಲಿ ಇಳಿದೆ. ನನ್ನ ಜೀವನದ ಮೊದಲ ವಿಮಾನ. ಹೊರಗೆ ಏನಿದೆ ಅಂತ ನೋಡಲಾಗಲಿಲ್ಲ.

ಲೇಹ್ ಹನ್ನೊಂದೂವರೆ ಸಾವಿರ ಅಡಿ ಎತ್ತರದಲ್ಲಿದೆ. ಅಲ್ಲಿ ಹೊಸಬರಿಗೆ ಆರು ದಿನ ಕೆಲಸವೇ ಇಲ್ಲ. ಮೊದಲೆರಡು ದಿನ ಸುಮ್ಮನೆ ಬಿದ್ದಿರುವುದು, ಆಮೇಲೆ ಸಪಾಟು ದಾರಿಯಲ್ಲಿ ನಡಿಗೆ, ಕೊನೆಗೆ ಸಣ್ಣ ಏರು. ಇನ್ನೂ ಮೇಲೆ ಹೋಗುವವರಿಗೆ ಎರಡನೆಯ ಹಂತದಲ್ಲಿ ನಾಲ್ಕು ದಿನ, ಹದಿನೈದು ಸಾವಿರ ಅಡಿ ದಾಟುವವರಿಗೆ ಮತ್ತೂ ನಾಲ್ಕು ದಿನ. ದಿನಾ ಬಿ.ಪಿ. ನೋಡುತ್ತಾರೆ, ತಲೆನೋವು ಇದೆಯಾ ಅಂತ ಕೇಳುತ್ತಾರೆ. ಇದಿಷ್ಟನ್ನೂ ಸೈನ್ಯ ಶಿಸ್ತಾಗಿಯೇ ಮಾಡುತ್ತದೆ. ತಪ್ಪು ಆದದ್ದು ನನ್ನ ಉತ್ತರದಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಚಾಂಗ್ ಲಾ ಘಾಟು ದಾಟಿ ನನ್ನ ಪಲ್ಟನ್, ಅಂದರೆ ಬೆಟಾಲಿಯನ್ ಸೇರಿದೆ. ಯಾವ ಪಲ್ಟನ್ ಅನ್ನುವುದು ಇಲ್ಲಿ ಬೇಡ. ಕಂಪನಿ ಹವಾಲ್ದಾರ್ ಮೇಜರ್ ಕಾಗದ ನೋಡಿ ನನ್ನ ಹೆಸರನ್ನು ಮೂರು ತರ ಓದಿದ. ಮೂರೂ ತಪ್ಪು. ನನ್ನ ಹಿಂದಿಯೋ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿ, ಬಾಯಿ ತೆರೆದರೆ ಕೋಣೆಯೆಲ್ಲ ನಗುತ್ತಿತ್ತು. ಅವತ್ತಿನಿಂದ ನನಗೆ ಹೆಸರೇ ಉಳಿಯಲಿಲ್ಲ. ಇನ್ನೂ ತರಬೇತಿಯಲ್ಲಿರುವವನಿಗೆ ಅನ್ನುವ ‘ರಂಗರೂಟ್’ ಅಂದರೆ ನಾನು. ಕಸಂ ತಿಂದವನನ್ನು ರಂಗರೂಟ್ ಅನ್ನಬಾರದಲ್ಲ ಅಂತ ವಾದ ಮಾಡುವಷ್ಟು ಹಿಂದಿಯೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಹೊಡೆತ ಬಡಿತ ಏನೂ ಇರಲಿಲ್ಲ, ಸುಳ್ಳು ಹೇಳಬಾರದು. ಕೆಲಸ ಇತ್ತು. ನಸುಕಿನಲ್ಲಿ ಎದ್ದು ಬಂಕರಿನ ಬಾಗಿಲಿನ ಹಿಮ ಕೆರೆಯುವುದು, ಇಪ್ಪತ್ತು ಲೀಟರಿನ ಸೀಮೆಎಣ್ಣೆ ಜೆರಿಕ್ಯಾನು ಹೊರುವುದು, ಬುಖಾರಿ ಒಲೆಯ ಮೇಲೆ ಮಂಜುಗಡ್ಡೆ ಕರಗಿಸಿ ನೀರು ಮಾಡುವುದು, ಲಂಗರಿನ ಅಡುಗೆಮನೆಯಲ್ಲಿ ಈರುಳ್ಳಿ ಸುಲಿದು ಡೇಗೆ ಪಾತ್ರೆ ಉಜ್ಜುವುದು. ನೀರು ಅಲ್ಲಿ ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿದುಬಿಡುತ್ತದೆ. ಕುಕ್ಕರು ಇಲ್ಲದೆ ಬೇಳೆ ಬೇಯುವುದಿಲ್ಲ. ರಾತ್ರಿ ಸಂತ್ರಿ ಡ್ಯೂಟಿ. ವಾರಕ್ಕೊಮ್ಮೆ ಸ್ಯಾಟಲೈಟ್ ಫೋನಿನ ಸರದಿ ಬಂದಾಗ ಅವ್ವ ‘ಚಟ್ನಿ ತಿಂದ್ಯಾ?’ ಅಂದರೆ ಹೂಂ ಅನ್ನುತ್ತಿದ್ದೆ. ತಿಂದಿರಲಿಲ್ಲ. ಡಬ್ಬಿ ತೆಗೆದರೆ ಎಲ್ಲರಿಗೂ ಕೊಡಬೇಕು, ಕೊಟ್ಟರೆ ‘ಇದೇನೋ ಇದು’ ಅಂತ ಅದಕ್ಕೂ ನಗುತ್ತಾರೆ ಅನ್ನುವ ಅಂಜಿಕೆ.

ಕೆಲಸ ನನ್ನನ್ನು ಮುರಿಯಲಿಲ್ಲ. ಹೊಲದ ಕೆಲಸ ಮಾಡಿದ ಮೈ. ಮುರಿದದ್ದು ಬೇರೆ. ಅಲ್ಲಿದ್ದವರೆಲ್ಲ ಆರೇಳು ವರ್ಷ ಒಟ್ಟಿಗೆ ಉಂಡವರು. ಅರ್ಧ ಮಾತಿಗೆ ನಗುವವರು. ಹೊಸಬ ತಪ್ಪು ಮಾಡಿದರೆ ಜತೆಗೆ ಉರುಳಲು ಯಾರೂ ಇಲ್ಲ. ಒಂದು ದಿನ ಜೆರಿಕ್ಯಾನು ಇಳಿಸಿ ಕಲ್ಲಿನ ಮೇಲೆ ಕೂತಿದ್ದೆ. ಒಬ್ಬ ಸೀನಿಯರು ಹೋಗುತ್ತ ಹೋಗುತ್ತ, ತಲೆನೋವು ಇಲ್ಲಿ ಎಲ್ಲರಿಗೂ ಇರುತ್ತದೆ, ಕೂರುವುದು ಮಾತ್ರ ನೀನೊಬ್ಬನೇ ಅಂದ. ಬೈಗುಳವೂ ಅಲ್ಲ. ಆದರೆ ಅದು ಒಳಗೆ ಹೋಗಿ ಕೂತಿತು.

ಡಿಸೆಂಬರಿನಲ್ಲಿ ನಮ್ಮ ಸೆಕ್ಷನ್ ಹದಿನೈದು ಸಾವಿರಕ್ಕೂ ಮೇಲಿನ ಪೋಸ್ಟಿಗೆ ಹೋಗಬೇಕಾಯಿತು. ಮೂರನೆಯ ಹಂತದ ಕೊನೆಯ ದಿನ ನರ್ಸಿಂಗ್ ಅಸಿಸ್ಟೆಂಟ್ ಕೇಳಿದಾಗ ನನ್ನ ಹಣೆಯೊಳಗೆ ಒನಕೆ ಕುಟ್ಟುತ್ತಿತ್ತು. ಹಿಂದಿನ ರಾತ್ರಿ ವಾಂತಿಯೂ ಆಗಿತ್ತು. ‘ಠೀಕ್ ಹೂಂ’ ಅಂದೆ. ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದ ಹಿಂದಿ ಅದೊಂದೇ.

ಪೋಸ್ಟಿನಲ್ಲಿ ಮೂರನೆಯ ರಾತ್ರಿ ಮಲಗಿದರೆ ಉಸಿರು ಸಿಗಲಿಲ್ಲ. ಎದ್ದು ಕೂತರೆ ಸ್ವಲ್ಪ ಸಿಕ್ಕಿತು. ಕೆಮ್ಮಿದರೆ ನೊರೆ. ಹುಕ್ಕಾ ಎಳೆದ ಹಾಗೆ ಎದೆಯೊಳಗೆ ಗುಳುಗುಳು ಸದ್ದು. ನನ್ನ ಬಡ್ಡಿ, ಅಂದರೆ ನನಗೆ ಜೋಡಿ ಹಾಕಿದ ಸಿಪಾಯಿ, ಕರ್ನೂಲು ಕಡೆಯವನು, ಎರಡು ತಿಂಗಳಲ್ಲಿ ನನ್ನ ಜತೆ ಹತ್ತು ಮಾತು ಆಡಿದ್ದರೆ ಹೆಚ್ಚು. ಅವನು ಕತ್ತಲಲ್ಲೇ ಎದ್ದು ನನ್ನ ಬೆನ್ನಿಗೆ ಕಿವಿ ಇಟ್ಟ. ಟಾರ್ಚು ಹಾಕಿ ಉಗುರು ನೋಡಿದ. ನೀಲಿ. ‘ಹೇಪೋ’ ಅಂತ ಕೂಗಿದ್ದು ಕೇಳಿಸಿತು. ಎತ್ತರದಲ್ಲಿ ಶ್ವಾಸಕೋಶದೊಳಕ್ಕೆ ನೀರು ಜಿನುಗುವ ಕಾಯಿಲೆಗೆ ಅಲ್ಲಿನ ಹೆಸರು. ಮನುಷ್ಯ ತನ್ನ ನೀರಿನಲ್ಲಿ ತಾನೇ ಮುಳುಗುತ್ತಾನೆ. ತಡಮಾಡದೆ ಕೆಳಗಿಳಿಸುವುದೇ ಅದರ ಮದ್ದು. ಆ ರಾತ್ರಿ ಗಾಳಿ, ಹಿಮ, ದಾರಿ ಇಲ್ಲ.

ಆಕ್ಸಿಜನ್ ಹಾಕಿ ನನ್ನನ್ನು ಹೇಪೋ ಬ್ಯಾಗಿನೊಳಗೆ ಮಲಗಿಸಿದರು. ಹೆಣ ಸುತ್ತುವ ಚೀಲದ ಹಾಗೇ ಕಾಣುತ್ತದೆ, ಮುಖದ ಹತ್ತಿರ ಪಾರದರ್ಶಕ ಕಿಟಕಿ. ಹೊರಗಿನಿಂದ ಕಾಲಿನಲ್ಲಿ ಪಂಪು ಒತ್ತಿ ಗಾಳಿ ತುಂಬುತ್ತಾರೆ. ಒಳಗೆ ಒತ್ತಡ ಏರಿದಂತೆ ಮೈಗೆ ಸಾವಿರಾರು ಅಡಿ ಕೆಳಗೆ ಇಳಿದ ಲೆಕ್ಕ. ಒತ್ತುವುದನ್ನು ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಒಳಗಿನವನು ಬಿಟ್ಟ ಉಸಿರೇ ಅವನಿಗೆ ವಿಷ. ಆ ಎತ್ತರದಲ್ಲಿ ಹತ್ತು ನಿಮಿಷ ಪಂಪು ಒತ್ತಿದವನಿಗೆ ಏದುಸಿರು ಬರುತ್ತದೆ. ಬೆಳಗಿನವರೆಗೂ ಸರದಿ ಬದಲಾಗುತ್ತಿತ್ತು. ಕಿಟಕಿಯಲ್ಲಿ ನನಗೆ ಮುಖ ಕಾಣುತ್ತಿರಲಿಲ್ಲ, ಬೂಟು ಕಾಣುತ್ತಿದ್ದವು. ಒಂದು ಜೋಡಿಯ ಲೇಸು ನನಗೆ ಗೊತ್ತಿತ್ತು. ಕಲ್ಲಿನ ಮೇಲೆ ಕೂತಿದ್ದಾಗ ನನ್ನ ಮುಂದೆ ಹಾದುಹೋದ ಬೂಟು ಅದು.

ಬೆಳಕು ಹರಿದ ಮೇಲೆ ಸ್ಟ್ರೆಚರಿನಲ್ಲಿ ಹೊತ್ತು, ಆಮೇಲೆ ಗಾಡಿಯಲ್ಲಿ ಇಳಿಸಿದರು. ಲೇಹ್‌ನ ಆಸ್ಪತ್ರೆಯ ವಿಷಯ ಹೇಳುವಂಥದ್ದೇನಿಲ್ಲ. ಮಲಗಿದೆ, ಗುಣವಾದೆ. ಡಾಕ್ಟರು ಕೇಳಿದ್ದು ಒಂದೇ: ಯಾಕೆ ಮುಚ್ಚಿಟ್ಟೆ? ಹೊಸಬ ಸಾರ್ ಅಂದೆ. ಅವರು ಏನೋ ಬರೆದುಕೊಂಡರು.

2016ರ ಫೆಬ್ರುವರಿಯಲ್ಲಿ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿಯಲ್ಲಿ ಆರು ದಿನ ಇದ್ದು ಜೀವಂತ ಸಿಕ್ಕಾಗ, ಆಮೇಲೆ 11ನೇ ತಾರೀಕು ತೀರಿಕೊಂಡಾಗ, ಊರಿನವರು ನನ್ನ ಕಟ್ಟೆಗೆ ಬಂದು ಹಿಮಪಾತ ಹೇಗಿರುತ್ತದೆ ಅಂತ ಕೇಳಿದರು. ನಾನು ನೋಡಿಲ್ಲ. ನನಗೆ ಗೊತ್ತಿದ್ದದ್ದು ತಲೆನೋವು. ಈಗ ಊರಿನ ಹುಡುಗರು ಅಗ್ನಿವೀರರಾಗಿ ಹೋಗುತ್ತಾರೆ. ನಾಲ್ಕು ವರ್ಷದ ನೌಕರಿ, ಕೊನೆಗೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನರನ್ನು. ಅಂಥವನನ್ನು ಬೆಳಿಗ್ಗೆ ತಲೆನೋವು ಇದೆಯಾ ಅಂತ ಕೇಳಿದರೆ ಏನು ಹೇಳುತ್ತಾನೋ ನನಗೆ ಗೊತ್ತು. ಅದಕ್ಕೇ ಹೊರಡುವ ಹುಡುಗರು ಕಂಡರೆ ಓಟದ ಬಗ್ಗೆ ಮಾತೆತ್ತುವುದಿಲ್ಲ, ಈ ಒಂದು ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸುತ್ತೇನೆ.

ಆಸ್ಪತ್ರೆಯಿಂದ ಬಂದ ಮೇಲೆ ಆ ಮೊದಲ ಚಳಿಗಾಲ ನನ್ನನ್ನು ಮತ್ತೆ ಮೇಲೆ ಕಳಿಸಲಿಲ್ಲ. ಮಾರ್ಚಿನಲ್ಲಿ ಸೆಕ್ಷನ್ ಕೆಳಗಿಳಿದು ಬಂತು, ಜತೆಗೆ ನನ್ನ ಟ್ರಂಕೂ ಬಂತು. ಆಸ್ಪತ್ರೆಗೆ ಬಟ್ಟೆ ಕಳಿಸಲು ಬೀಗ ಒಡೆದಿದ್ದರಂತೆ, ಹೊಸ ಬೀಗ ಹಾಕಿ ಕೀಲಿಯನ್ನು ಹಿಡಿಗೆ ದಾರದಲ್ಲಿ ಕಟ್ಟಿದ್ದರು. ತೆರೆದೆ. ಬಟ್ಟೆ ಮಡಚಿಟ್ಟಿತ್ತು. ತಳದಲ್ಲಿ ಡಬ್ಬಿ. ಎತ್ತಿದರೆ ಹಗುರ. ಬೆಳ್ಳಗೆ ತೊಳೆದು, ಒರೆಸಿ, ಮುಚ್ಚಳ ಹಾಕಿದ್ದರು.

ಹಿಂದೆ ನಿಂತಿದ್ದ ಕಂಪನಿ ಹವಾಲ್ದಾರ್ ಮೇಜರ್ ನನ್ನ ಹೆಸರು ಹಿಡಿದು ಕರೆದ. ಆಗಲೂ ತಪ್ಪಾಗಿಯೇ. ರಜೆ ಯಾವಾಗ ಅಂತ ಕೇಳಿದ. ಹೇಳಿದೆ. ಬರುವಾಗ ಎರಡು ಡಬ್ಬಿ ತಾ ಅಂದ.