ಎರಡು ದಡದ ಸುಂಕ

ತುಂಗಭದ್ರೆಯ ಉತ್ತರ ದಡದ ಆನೆಗೊಂದಿಗೆ ಎರಡು ಸರಕಾರಗಳ ಲೆಕ್ಕ ಹೊಸದಲ್ಲ. 1948 ರ ಸೆಪ್ಟೆಂಬರಿನವರೆಗೆ ಅದು ನಿಜಾಮರ ಹೈದರಾಬಾದ್ ಸಂಸ್ಥಾನದ ಊರು. ಎದುರು ದಡದ ಹಂಪಿ ಬ್ರಿಟಿಷರ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದು. ಇಲ್ಲಿ ಹಾಲಿ ಸಿಕ್ಕಾ ನಾಣ್ಯ, ಅಲ್ಲಿ ಕಲ್ದಾರ್ ರೂಪಾಯಿ. ಗಡಿ ದಾಟುವ ಸರಕಿನ ಮೇಲೆ ಸಂಸ್ಥಾನದ ಕರೋಡಗಿರಿ ಇಲಾಖೆಯ ಸುಂಕ. ವಿರೂಪಾಕ್ಷನ ದರ್ಶನಕ್ಕೆಂದು ಹರಿಗೋಲು ಹತ್ತಿದ ಭಕ್ತನು ತನಗರಿವಿಲ್ಲದೆಯೇ ಒಂದು ಪ್ರಭುತ್ವವನ್ನು ಬಿಟ್ಟು ಇನ್ನೊಂದರ ನೆಲದಲ್ಲಿ ಇಳಿಯುತ್ತಿದ್ದನು. 1956 ರ ನವೆಂಬರಿನಲ್ಲಿ ಎರಡು ದಡಗಳೂ ಒಂದೇ ರಾಜ್ಯದವಾದವು. ಆದರೆ ಗಡಿಗೆ ನದಿಯೇ ಬೇಕೆಂಬ ನಿಯಮವಿಲ್ಲ. ಪಡಸಾಲೆಯಲ್ಲಿ ಲ್ಯಾಪ್‌ಟಾಪು ತೆರೆದು ಕುಳಿತವನ ಮೇಜಿನ ಮೇಲೂ ಅದು ಹಾಯ್ದು ಹೋಗಬಲ್ಲದು.

ಅಂಥವನೊಬ್ಬನನ್ನು ಕಲ್ಪಿಸಿಕೊಳ್ಳುವುದು ಈಗ ಕಷ್ಟವಲ್ಲ. ಹದಿನೆಂಟು ವರ್ಷಗಳ ಹಿಂದೆ ಆನೆಗೊಂದಿಯಿಂದ ಅಮೆರಿಕೆಗೆ ಹೋದವನು; ಗ್ರೀನ್ ಕಾರ್ಡು ಕೈಗೆ ಬಂದು ಆರು ವರ್ಷ. ಹೆಂಡತಿ ಮಕ್ಕಳು ಅಲ್ಲಿ. ತಾಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ಸಿಕ್ಕ ವಿಮಾನ ಹಿಡಿದು ಬಂದನು. “ನಾ ಈ ಊರು ಬಿಟ್ಟು ಎಲ್ಲಿಗೂ ಬರಂಗಿಲ್ಲ, ಯಪ್ಪಾ,” ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ಕಂಪನಿಯವರು ದೊಡ್ಡ ಮನಸ್ಸು ಮಾಡಿ, ಅಲ್ಲಿಂದಲೇ ಕೆಲಸ ಮಾಡೆಂದರು. ಹಗಲು ತಾಯಿಯ ಔಷಧಿ, ಗಂಜಿ. ಇಳಿಹೊತ್ತಿನಿಂದ ನಡುರಾತ್ರಿಯವರೆಗೆ ಅಮೆರಿಕೆಯ ಕಚೇರಿ.

ತೆರಿಗೆಯ ಮಾತು ಬಂದಾಗ ಅವನು ಊರವರ ತರ್ಕವನ್ನೇ ಹೇಳುತ್ತಾನೆ: “ರೊಕ್ಕ ಅಲ್ಲಿಯ ಬ್ಯಾಂಕಿಗೇ ಬೀಳತೈತಿ, ತೆರಿಗೆ ಅಲ್ಲೇ ಹಿಡಕೊಂಡಿರತಾರ. ಇಲ್ಲಿಯ ಸರಕಾರಕ್ಕೇನು?” ಕೇಳಲು ನ್ಯಾಯವಾಗಿಯೇ ಇದೆ. ಕಾನೂನು ಮಾತ್ರ ಹಣ ಎಲ್ಲಿ ಬಿದ್ದಿತೆಂದು ನೋಡುವುದಿಲ್ಲ, ಕೈ ಎಲ್ಲಿ ದುಡಿಯಿತೆಂದು ನೋಡುತ್ತದೆ. ಭಾರತದ ನೆಲದಲ್ಲಿ ಮಾಡಿದ ಕೆಲಸದ ಸಂಬಳ ಭಾರತದಲ್ಲೇ ಹುಟ್ಟಿದ ಆದಾಯ. 1961 ರ ಕಾಯ್ದೆಯ ಜಾಗಕ್ಕೆ 2026 ರ ಏಪ್ರಿಲ್ 1 ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ ತತ್ತ್ವ ಬದಲಾಗಿಲ್ಲ. ಏಪ್ರಿಲಿನಿಂದ ಮಾರ್ಚಿಯವರೆಗಿನ ವರ್ಷದಲ್ಲಿ 182 ದಿನ ಇಲ್ಲಿ ಕಳೆದವನು ನಿವಾಸಿ. ಮೇಲಿಂದ ಮೇಲೆ ಬಂದುಹೋಗುವವರಿಗೆ ಅದಕ್ಕಿಂತ ಕಡಿಮೆ ದಿನಗಳಲ್ಲೇ ಈ ಪಟ್ಟ ಬರುವುದೂ ಉಂಟು. ಬಹುಕಾಲ ಹೊರಗಿದ್ದು ಮರಳಿದವನಿಗೆ ಮೊದಲ ಒಂದೆರಡು ವರ್ಷ ಒಂದು ರಿಯಾಯಿತಿ ದೊರೆಯುತ್ತದೆ: ಅಮೆರಿಕೆಯ ಬ್ಯಾಂಕಿನ ಬಡ್ಡಿ, ಅಲ್ಲಿಯ ಮನೆಯ ಬಾಡಿಗೆ ಇಲ್ಲಿಯ ಲೆಕ್ಕಕ್ಕೆ ಬಾರವು. ಆ ರಿಯಾಯಿತಿ ಆನೆಗೊಂದಿಯ ಪಡಸಾಲೆಯಲ್ಲಿ ದುಡಿದ ಸಂಬಳಕ್ಕಿಲ್ಲ. ಕಂಪನಿ ಇಲ್ಲಿ ತೆರಿಗೆ ಕಡಿತ ಮಾಡದ ಕಾರಣ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚಿ ತಿಂಗಳುಗಳ 15 ರೊಳಗೆ ಮುಂಗಡ ತೆರಿಗೆಯನ್ನು ಅವನೇ ಕಟ್ಟಬೇಕು.

ಅಮೆರಿಕೆಯ ರೀತಿಯೇ ಬೇರೆ. ಅದು ದಿನಗಳನ್ನೆಣಿಸುವುದಿಲ್ಲ, ಕಾರ್ಡನ್ನು ಹಿಡಿದುಕೊಳ್ಳುತ್ತದೆ. ಗ್ರೀನ್ ಕಾರ್ಡು ಉಳ್ಳವನು ಭೂಮಿಯ ಯಾವ ಮೂಲೆಯಲ್ಲಿ ದುಡಿದರೂ ಅಷ್ಟನ್ನೂ 1040 ಎಂಬ ನಮೂನೆಯಲ್ಲಿ ಒಪ್ಪಿಸಬೇಕು. ಕಾರ್ಡಿನ ಅವಧಿ ತೀರಿದರೆ ಋಣ ಹರಿಯಿತೆಂದು ತಿಳಿದವರುಂಟು. ವಿಧಿಪೂರ್ವಕವಾಗಿ ಹಿಂದಿರುಗಿಸುವವರೆಗೆ, ಅಥವಾ ಅಲ್ಲಿಯ ಅಧಿಕಾರಿಗಳೋ ನ್ಯಾಯಾಲಯವೋ ರದ್ದಾಯಿತೆನ್ನುವವರೆಗೆ, ಹರಿಯದು. ಗಡುವು ಏಪ್ರಿಲ್ 15. ಹೊರದೇಶದಲ್ಲಿದ್ದು ದುಡಿಯುವವರಿಗೆ ಜೂನ್ 15 ರವರೆಗೆ ಸಲುಗೆ. ಬಡ್ಡಿಯಾದರೋ ಏಪ್ರಿಲಿನಿಂದಲೇ ಓಡತೊಡಗುತ್ತದೆ. ಬಡ್ಡಿಗೆ ಯಾವ ದೇಶದಲ್ಲೂ ಸಲುಗೆಯೆಂಬುದಿಲ್ಲ.

ಹಾಗಾದರೆ ಒಂದೇ ಸಂಬಳಕ್ಕೆ ಎರಡು ತೆರಿಗೆಯೆ? ಅದನ್ನು ತಪ್ಪಿಸಲೆಂದೇ ಎರಡು ದೇಶಗಳು 1989 ರ ಸೆಪ್ಟೆಂಬರ್ 12 ರಂದು ಒಪ್ಪಂದಕ್ಕೆ ಸಹಿ ಹಾಕಿದವು. 1990 ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂದಿತು. ಇಲ್ಲಿ ದುಡಿದುದಕ್ಕೆ ಇಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿಯ ತೆರಿಗೆಯಲ್ಲಿ ವಜಾ ಕೇಳಬಹುದು. ಹೀಗಾಗಿ ಹಣ ಎರಡು ಸಲ ಹೋಗುವುದು ಕಡಿಮೆ, ಲೆಕ್ಕ ಎರಡು ಸಲ ಒಪ್ಪಿಸುವುದು ಮಾತ್ರ ತಪ್ಪದು. ಅದರಲ್ಲೂ ಅವರ ವರ್ಷ ಜನವರಿಗೆ ಆರಂಭ, ನಮ್ಮದು ಏಪ್ರಿಲಿಗೆ. ಒಂದೇ ಸಂಬಳವನ್ನು ಎರಡು ಪಂಚಾಂಗಗಳಿಗೆ ಹೊಂದಿಸುವಾಗ ಆಡಿಟರಿಗೂ ಬೆವರು ಬರುತ್ತದೆ. ಕ್ಯಾಲಿಫೋರ್ನಿಯದಂಥ ರಾಜ್ಯವಂತೂ ತನ್ನ ರಾಜ್ಯ ತೆರಿಗೆಯ ಮಟ್ಟಿಗೆ ಈ ಒಪ್ಪಂದವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆ ಒಪ್ಪಂದದ ನಾಲ್ಕನೆಯ ಕಲಮನ್ನು ಬರೆದವರು ತಾವು ಕಾನೂನಿನ ಹೊರಗೆ ಕಾಲಿಡುತ್ತಿದ್ದೇವೆಂದು ಬಹುಶಃ ಎಣಿಸಿರಲಿಕ್ಕಿಲ್ಲ. ಎರಡು ದೇಶಗಳೂ ಒಬ್ಬನನ್ನೇ ‘ನಮ್ಮವನು’ ಎಂದಾಗ ಅವನು ಯಾರವನೆಂದು ತೀರ್ಮಾನಿಸುವ ಕಲಮು ಅದು. ಸ್ಥಿರವಾದ ಮನೆ ಎಲ್ಲಿದೆ? ಎರಡೂ ಕಡೆ ಇದ್ದರೆ, ಬದುಕಿನ ನಿಕಟ ಸಂಬಂಧಗಳು ಎಲ್ಲಿವೆ? ಅದೂ ತಿಳಿಯದಿದ್ದರೆ ವಾಡಿಕೆಯ ವಾಸ ಎಲ್ಲಿ. ಕೊನೆಗೆ, ಯಾವ ದೇಶದ ಪ್ರಜೆ? ಒಂದು ದಡದಲ್ಲಿ ಶಾಲೆಗೆ ಹೋಗುವ ಮಕ್ಕಳು, ಇನ್ನೊಂದು ದಡದಲ್ಲಿ ಕೋಲು ಹಿಡಿದು ಎದ್ದು ನಿಲ್ಲಲು ಕಲಿಯುತ್ತಿರುವ ತಾಯಿ. ನಿಕಟ ಸಂಬಂಧ ಯಾವುದೆಂಬ ಪ್ರಶ್ನೆಗೆ ಯಾವ ಮಗನು ನಮೂನೆಯಲ್ಲಿ ಉತ್ತರ ಬರೆದಾನು?

ಬರೆದರೂ ಅಪಾಯವೇ. ‘ಒಪ್ಪಂದದ ಪ್ರಕಾರ ಭಾರತದ ನಿವಾಸಿ’ ಎಂದು ಅಮೆರಿಕೆಗೆ ತಿಳಿಸಿದರೆ ಅಲ್ಲಿಯ ತೆರಿಗೆಯ ಭಾರ ಇಳಿದೀತು. ಆದರೆ ಆ ಕಾಗದವೇ ವಲಸೆ ಇಲಾಖೆಯವರ ಮುಂದೆ, ಅಲ್ಲಿ ನೆಲೆಸುವ ಉದ್ದೇಶವನ್ನು ಅವನು ಬಿಟ್ಟನೆಂಬುದಕ್ಕೆ ಸಾಕ್ಷಿಯಾಗಬಹುದು. ತೆರಿಗೆಗೆ ಹೊರಗಿನವನು, ಪ್ರವೇಶಕ್ಕೆ ಒಳಗಿನವನು ಎಂದು ಎರಡು ಹರಿಗೋಲಿನಲ್ಲಿ ಕಾಲಿಡಲು ಅಲ್ಲಿ ಆಸ್ಪದವಿಲ್ಲ. ಆದ್ದರಿಂದ ಕಾರ್ಡು ಬೇಕೆನ್ನುವವನು ಆ ಸವಲತ್ತನ್ನು ಮುಟ್ಟದೆ, ಪೂರ್ತಿ ಲೆಕ್ಕ ಒಪ್ಪಿಸಿ, ವಜಾ ಕೇಳಿಕೊಳ್ಳುವುದೇ ಲೇಸು.

ಸಣ್ಣದೊಂದು ಸಂಗತಿಯಲ್ಲಿ ಬಹುಜನ ಎಡವುತ್ತಾರೆ. ಆಸ್ಪತ್ರೆಯ ಖರ್ಚಿಗೆ ಬೇಕಾದೀತೆಂದು ತಾಯಿ ಗಂಗಾವತಿಯ ಬ್ಯಾಂಕಿನ ಖಾತೆಗೆ ಮಗನ ಹೆಸರನ್ನೂ ಸೇರಿಸಿರುತ್ತಾಳೆ. ಅಮೆರಿಕೆಯ ಹೊರಗಿನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ಮೀರಿದರೆ ಎಲ್ಲವನ್ನೂ ಅಲ್ಲಿಯ ಖಜಾನೆ ಇಲಾಖೆಗೆ ವರದಿ ಮಾಡಬೇಕು. ಹೆಸರು ಜಂಟಿಯಾದರೂ ಸರಿ. ತೆರಿಗೆ ಏನೂ ಬೀಳದಿರಬಹುದು, ಮರೆತವನಿಗೆ ದಂಡ ದೊಡ್ಡದು. “ನನ್ನ ಗದ್ದಿ ರೊಕ್ಕ ಅವರಿಗ್ಯಾಕ?” ಎಂದು ಅವಳು ಕೇಳಿದರೆ ಅವನಲ್ಲಿ ಉತ್ತರವಿಲ್ಲ.

ಇನ್ನು ಕಾರ್ಡಿನ ಮಾತು. ಒಂದು ವರ್ಷ ಮೀರಿ ಹೊರಗುಳಿಯುವವನು ಮರುಪ್ರವೇಶದ ಪರವಾನಗಿ ಪಡೆದಿರಬೇಕು. ಎರಡು ವರ್ಷದವರೆಗೆ ಅದು ನಡೆಯುತ್ತದೆ. ಆದರೆ ಅರ್ಜಿ ಹಾಕುವಾಗ ಅಮೆರಿಕೆಯ ನೆಲದಲ್ಲೇ ಇರಬೇಕು. ತಾಯಿ ಬಿದ್ದಳೆಂದು ಓಡಿಬಂದವನಿಗೆ ಅಷ್ಟು ವ್ಯವಧಾನ ಎಲ್ಲಿತ್ತು? ಈಗ ವರ್ಷ ತುಂಬುವ ಮುನ್ನ ಅವನು ಹೋಗಿ, ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು ಬರಬೇಕು. ಅಷ್ಟು ದಿನ ಅವ್ವನ ಬಳಿ ಯಾರು ಮಲಗಬೇಕೆಂದು ಹೊಸಪೇಟೆಯ ಅಕ್ಕನೊಡನೆ ಫೋನಿನಲ್ಲಿ ಮಾತು ನಡೆದಿದೆ.