ಗೋಡೆಯೊಳಗಿನ ಹನ್ನೊಂದು ಜನ

ನಾನು ಟ್ರೇಸಿಂಗ್ ಪೇಪರಿನ ಕಾಲದವನು. ಈ ವಾರ ಕಿರಿಯ ಆರ್ಕಿಟೆಕ್ಟ್ ಒಬ್ಬರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಕೆಲಸ ಒಂದು ಕಲ್ಯಾಣ ಮಂಟಪ. ಆಕೆ ರೆವಿಟ್ ಎಂಬ ಸಾಫ್ಟ್‌ವೇರಿನಲ್ಲಿ ಕೋಣೆ ಕೋಣೆಗೂ ತಲೆ ಎಣಿಸುತ್ತಿದ್ದಾರೆ. ಪಾಯ ಇನ್ನೂ ತೋಡಿಲ್ಲ, ಜನ ಆಗಲೇ ಒಳಗೆ ಕೂತಿದ್ದಾರೆ.

*

ಲೆಕ್ಕ ಬರೀ ಭಾಗಾಕಾರ. ಕೋಣೆಯ ವಿಸ್ತೀರ್ಣವನ್ನು ತಲೆಗಿಷ್ಟು ಚದರ ಮೀಟರ್ ಎಂಬ ಅಂಕಿಯಿಂದ ಭಾಗಿಸುವುದು. ಆ ಅಂಕಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯದು: ವಾಸಕ್ಕೆ 12.5, ಕಚೇರಿಗೆ 10, ಶಾಲೆಗೆ 4, ಅಷ್ಟು ಒತ್ತಿಲ್ಲದ ಸಭೆಯ ಜಾಗಕ್ಕೆ 1.4; ಊಟದ ಹಾಲಿಗೂ ನಾವು ಇದನ್ನೇ ಹಿಡಿದೆವು. ನೆಲಕ್ಕೆ ಬಿಗಿದ ಆಸನಗಳಿಲ್ಲದ ಒತ್ತೊತ್ತು ಸಭಾಂಗಣಕ್ಕೆ 0.65. ಪಾಯಿಂಟ್ ಆರು ಐದು! ಒಂದು ಚಾಪೆ ಹಾಸಿದರೆ ಮೇಲೆ ಎರಡು ಮೂರು ಜನ ಬರುತ್ತಾರೆ. ನಮ್ಮ ಮದುವೆಗಳನ್ನು ನೋಡಿಯೇ ಬರೆದಂತಿದೆ.

*

ಇಷ್ಟು ಸರಳ ಲೆಕ್ಕ ರೆವಿಟ್‌ನ ಷೆಡ್ಯೂಲ್ ಎಂಬ ಪಟ್ಟಿಯೊಳಗೆ ಹೋದ ಕೂಡಲೇ ಹಟ ಹಿಡಿಯಿತು. 0.65 ಅನ್ನು ಬರೀ ಸಂಖ್ಯೆಯೆಂದು ಕೊಟ್ಟಿದ್ದರು. ವಿಸ್ತೀರ್ಣವನ್ನು ಸಂಖ್ಯೆಯಿಂದ ಭಾಗಿಸಿದರೆ ಬರುವುದೂ ವಿಸ್ತೀರ್ಣವೇ, ಜನ ಅಲ್ಲ, ಯೂನಿಟ್ ಹೊಂದುತ್ತಿಲ್ಲ ಎಂದಿತು ಯಂತ್ರ. 0.65 ಅನ್ನೂ ವಿಸ್ತೀರ್ಣವೆಂದು ಬದಲಾಯಿಸಿದ ಮೇಲೆ ಒಪ್ಪಿತು. ಉತ್ತರದ ಮುಂದೆ ಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದ ಮಿಡ್ಲ್ ಸ್ಕೂಲ್ ಮೇಷ್ಟ್ರು ನೆನಪಾದರು.

*

ಇನ್ನೊಂದು ವಿಚಿತ್ರ. ಕೋಣೆಗೆ ‘ಕಚೇರಿ’ ಅಂತ ಬರೆದಿದ್ದರೆ 10 ತಗೋ, ‘ಊಟ’ ಅಂತಿದ್ದರೆ 1.4 ತಗೋ ಎಂದು ಫಾರ್ಮುಲಾಗೆ ಹೇಳುವಂತಿಲ್ಲ. ಅದಕ್ಕೆ ಅಕ್ಷರ ಓದಲು ಬರುವುದಿಲ್ಲ, ಅಂಕಿ ಮಾತ್ರ. ಹಾಗಾಗಿ ಕೀ ಷೆಡ್ಯೂಲ್ ಎಂಬ ಬೇರೊಂದು ಪಟ್ಟಿ. ಅದರಿಂದ ಒಂದು ಹೆಸರು ಆರಿಸಿದರೆ ಅಂಕಿ ತಾನೇ ಬಂದು ಕೂರುತ್ತದೆ.

ಆ ಒಂದು ಆಯ್ಕೆಯ ಬೆಲೆ ನೋಡಿ. ಮುಹೂರ್ತದ ಹಾಲ್ 20ಕ್ಕೆ 10 ಮೀಟರ್, 200 ಚದರ ಮೀಟರ್. ಸಭಾಂಗಣವೆಂದರೆ 308 ಜನ. ತಲೆಗೆ 6.5 ಮಿ.ಮೀ.ನಂತೆ ಬಾಗಿಲುಗಳ ಅಗಲ ಒಟ್ಟು 2002. ಅದನ್ನೇ ಊಟದ ಹಾಲ್ ಎಂದರೆ 143 ಜನ, ಬಾಗಿಲು 930. ಗೋಡೆ ಕದಲಲಿಲ್ಲ, ಮೌಸ್ ಒಂದು ಸಲ ಟಕ್ ಎಂದಿತು, ಅಷ್ಟೆ. ಈ ಪಟ್ಟಿಯ ಮುಂದೆ ಕೂತವರಿಗೆ ಕೈ ನಡುಗುವುದಿಲ್ಲವೇ?

*

1942ರಲ್ಲಿ ಬಾಸ್ಟನ್ನಿನ ಕೊಕೊನಟ್ ಗ್ರೋವ್ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. ಒಳಗಿರಬಹುದಾದವರ ಸಂಖ್ಯೆ ಕಾಗದದ ಮೇಲೆ 460. ಸತ್ತವರು 492.

*

ಮಧ್ಯಾಹ್ನ ಚಹಾ ಕುಡಿದು ಬರುವಷ್ಟರಲ್ಲಿ ಮುಹೂರ್ತದ ಹಾಲಿನ 308 ಜನ 319 ಆಗಿದ್ದರು. ಯಾರು ಬಂದರು? ವಿಸ್ತೀರ್ಣವನ್ನು ಗೋಡೆಯ ಒಳಮೈಯಿಂದ ಅಳೆಯಬೇಕೋ, ಗೋಡೆಯ ನಡುಮಧ್ಯದಿಂದಲೋ ಎಂಬ ಆಯ್ಕೆ ಎಲ್ಲೋ ಮೂಲೆಯಲ್ಲಿದೆ. ಅದು ಬದಲಾಗಿತ್ತು. ಗೋಡೆ 230 ಮಿ.ಮೀ. ದಪ್ಪ; ಎರಡೂ ಕಡೆ ಅರ್ಧರ್ಧ ಒಳಗೆ ಸೇರಿ ಹೆಚ್ಚುಕಡಿಮೆ 207 ಚದರ ಮೀಟರ್. ಆ ಹನ್ನೊಂದು ಜನ ಇಟ್ಟಿಗೆಯೊಳಗೆ ನಿಂತು ಮಾಂಗಲ್ಯಧಾರಣೆ ನೋಡುತ್ತಿದ್ದರು. ನಾನು ನಕ್ಕೆ. ಆಕೆ ನಗಲಿಲ್ಲ, ಹೋದ ಪ್ರಾಜೆಕ್ಟಿನಲ್ಲಿ ಇದು ಹೇಗಿತ್ತು ಎಂದು ಹಳೆಯ ಫೈಲ್ ತೆರೆಯತೊಡಗಿದರು.

*

3 + 3 + 3 = 10. ಕಣ್ಣಾರೆ ಕಂಡೆ. 34 ಚದರ ಮೀಟರಿನ ಮೂರು ಕಚೇರಿ ಕೋಣೆ, ತಲಾ 3.4 ಜನ. ದಶಾಂಶ ತೋರಿಸಬೇಡ ಎಂದಿದ್ದಕ್ಕೆ ಸಾಲಿನಲ್ಲಿ 3 ತೋರಿಸುತ್ತದೆ, ಮೊತ್ತವನ್ನು ಮಾತ್ರ ಒಳಗಿನ 3.4ರಿಂದಲೇ ಹಾಕುತ್ತದೆ. ಫಾರ್ಮುಲಾದಲ್ಲೇ ಮೇಲಕ್ಕೆ ಪೂರ್ಣಗೊಳಿಸಿದರೆ 4 + 4 + 4 = 12. ಇದು ಸರಿ, ಪಾಯಿಂಟ್ ನಾಲ್ಕು ಮನುಷ್ಯನಿಗೂ ಇಡೀ ಬಾಗಿಲು ಬೇಕು.

*

ನಕ್ಷೆಯಿಂದ ಅಳಿಸಿದ ಕೋಣೆ ಷೆಡ್ಯೂಲಿನಿಂದ ಹೋಗುವುದಿಲ್ಲ. ‘ಇರಿಸಿಲ್ಲ’ ಎಂಬ ಹಣೆಪಟ್ಟಿ ಹೊತ್ತು ಅಲ್ಲೇ ಉಳಿಯುತ್ತದೆ. ನಮ್ಮದರಲ್ಲಿ ಇಂಥ ಏಳಿವೆ. ಜಾಗವಿಲ್ಲ, ಜನವಿಲ್ಲ, ಹೆಸರು ಮಾತ್ರ ಇದೆ: ವಧುವಿನ ಕೋಣೆ, ವಧುವಿನ ಕೋಣೆ 2...

*

ಷೆಡ್ಯೂಲಿನಲ್ಲಿ ಹುಟ್ಟಿದ ಉತ್ತರ ನಕ್ಷೆಗೆ ಬರುವುದಿಲ್ಲ. ಕೋಣೆಯ ನಡುವೆ ಕೂರುವ ಟ್ಯಾಗ್ ಅದನ್ನು ಓದಲಾರದು. ಆಕೆ ಒಂದೊಂದೇ ಅಂಕಿಯನ್ನು ಕೈಯಾರೆ ಟೈಪ್ ಮಾಡುತ್ತಿದ್ದರು. ಸಂಜೆ ಮಾಲೀಕರ ಫೋನ್ ಬಂದು ಒಂದು ಗೋಡೆ ಸರಿಯಿತು. ಪಟ್ಟಿಯಲ್ಲಿ ಒಂದು ಅಂಕಿ, ನಕ್ಷೆಯಲ್ಲಿ ಇನ್ನೊಂದು. ಇಷ್ಟು ದುಡ್ಡು ಕೊಟ್ಟ ಸಾಫ್ಟ್‌ವೇರ್ ಕಡೆಗೆ ಗುಮಾಸ್ತನ ಕೆಲಸ ಮಾಡಿಸುವುದು ನನಗೆ ಇನ್ನೂ ಅರ್ಥವಾಗಿಲ್ಲ. ನಮ್ಮ ಕಾಲದಲ್ಲಿ ಬ್ಲೇಡಿನಿಂದ ಕೆರೆದು ಬರೆಯುತ್ತಿದ್ದೆವು, ಅದಕ್ಕೇನು ಬೇರೆ?

*

ಎರಡು ಹಾಲುಗಳ ಒಟ್ಟು: ಮುಹೂರ್ತದ ಹಾಲ್ 308, 250 ಚದರ ಮೀಟರಿನ ಊಟದ ಹಾಲ್ 179, ಸೇರಿ 487. ಆದರೆ ಧಾರೆ ನೋಡಿದವರೇ ತಾನೆ ಊಟಕ್ಕೆ ಹತ್ತುವುದು? ಯಂತ್ರಕ್ಕೆ ಬೀಗರ ಗುರುತಿಲ್ಲ.

*

ಮಾಲೀಕರನ್ನೇ ಕೇಳೋಣವೆಂದು ಹೋದೆವು. ಎಷ್ಟು ಜನ ಬರುತ್ತಾರೆ? “ಒಳ್ಳೆ ಲಗ್ನ ಇದ್ದರೆ ಸಾವಿರದಿನ್ನೂರು ಎಲೆ.” ಎಷ್ಟು ಪಂಕ್ತಿ? “ಏಳು.” ಅಲ್ಲೇ ಭಾಗಿಸಿದೆ: ಪಂಕ್ತಿಗೆ 171 ಚಿಲ್ಲರೆ. ಸಂಹಿತೆಯ 179ರ ಪಕ್ಕದಲ್ಲೇ ಬಂತು! ಎಲೆಯ ಲೆಕ್ಕಕ್ಕೆ ಕೈ ಮುಗಿದೆ.

ಅಷ್ಟರಲ್ಲಿ ಆಕೆ ಒಂದು ಮಾತು ಕೇಳಿದರು: “ಮುಂದಿನ ಪಂಕ್ತಿಯವರು ಎಲ್ಲಿರುತ್ತಾರೆ?” ಮಾಲೀಕರು ನಮ್ಮಿಬ್ಬರನ್ನೂ ಪೆದ್ದರಂತೆ ನೋಡಿದರು. “ಎಲ್ಲಿರ್ತಾರೆ, ಕುರ್ಚಿ ಹಿಂದೆ.” ನಿಜವೇ. ಮಜ್ಜಿಗೆ ಬರುವ ಮೊದಲೇ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಲ್ಲುವ ಇಷ್ಟೇ ಜನ, ಯಾವ ಸಾಲಿನಲ್ಲೂ ಇಲ್ಲ.

ಮರಳಿ ಬಂದು ಆಕೆ ಊಟದ ಹಾಲಿನ 250 ಚದರ ಮೀಟರಿಗೂ 0.65 ಹಾಕಿದರು. 385 ಜನ. ಹಾಲ್ ಇರುವುದು ಮೊದಲ ಮಹಡಿಯಲ್ಲಿ; ಮೆಟ್ಟಿಲಿಗೆ ತಲೆಗೆ 10 ಮಿ.ಮೀ. ಎಲ್ಲ ಮೆಟ್ಟಿಲೂ ಸೇರಿ 1790 ಇದ್ದದ್ದು 3850 ಆಯಿತು. ಪಕ್ಕದ ಪಾತ್ರೆ ಕೋಣೆ ಹೋಗುತ್ತದೆ. ಮಾಲೀಕರಿಗೆ ನಾಳೆ ನಾನೇ ಹೇಳಬೇಕಂತೆ.